ಒಂಬತ್ತು ಮಿಲಿಮೀಟರ್ ರೈಲು: ಕೈಯಲ್ಲೇ ಕಟ್ಟುವುದೋ, ಕೊಂಡು ಜೋಡಿಸುವುದೋ?

ಕೋಲಾರದಿಂದ ಚಿಕ್ಕಬಳ್ಳಾಪುರ, ದೇವನಹಳ್ಳಿ ಹಾದು ಯಲಹಂಕಕ್ಕೆ ಬರುತ್ತಿದ್ದ ಪುಟ್ಟ ರೈಲಿನ ಎರಡು ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಆ ದಾರಿ ಈಗ ಬ್ರಾಡ್ ಗೇಜ್ ಆಗಿದೆ. ನಂದಿ ಹಾಲ್ಟ್‌ನಂಥ ಕೆಲವು ಹಳೆಯ ನಿಲ್ದಾಣಗಳು ಮಾತ್ರ ಉಳಿದಿವೆ. ಅದರ ಒಂದು ತುಣುಕನ್ನಾದರೂ ಮೇಜಿನ ಮೇಲೆ ಮರಳಿ ಕಟ್ಟಬೇಕೆಂದು ಹೊರಟವರಿಗೆ ಲೆಕ್ಕ ಅನುಕೂಲವಾಗಿಯೇ ಒದಗಿಬರುತ್ತದೆ. 1:87 ಅಳತೆಗೆ ಇಳಿಸಿದಾಗ 762 ಮಿ.ಮೀ. ಎಂಬುದು 8.76 ಮಿ.ಮೀ. ಆಗುತ್ತದೆ. ಇನ್ನೂ ಚಿಕ್ಕ ಮಾದರಿ ರೈಲುಗಳಿಗೆಂದು ಜಗತ್ತಿನಾದ್ಯಂತ ಮಾರಾಟವಾಗುವ ಎನ್ ಗೇಜ್ ಹಳಿಯ ಅಗಲ 9 ಮಿ.ಮೀ. ವ್ಯತ್ಯಾಸ ಕಾಲು ಮಿಲಿಮೀಟರೂ ಇಲ್ಲ. ಜರ್ಮನಿಯ ಎಗ್ಗರ್-ಬಾನ್ ಕಂಪನಿ 1960ರ ದಶಕದಲ್ಲಿ ಇದೇ ಹೊಂದಿಕೆಯನ್ನು ಬಳಸಿಕೊಂಡು ನ್ಯಾರೋ ಗೇಜ್ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನವರು ತಮ್ಮ 1:76 ಅಳತೆಗೂ ಇದೇ ಹಳಿಯನ್ನು ಒಗ್ಗಿಸಿಕೊಂಡರು.

ಹೀಗೆ ಹಳಿಯೂ ಎಂಜಿನ್ನೂ ಅಂಗಡಿಯಲ್ಲೇ ಸಿಗುವಾಗ ಎಲ್ಲವನ್ನೂ ಮೊದಲಿಂದ ಕೈಯಲ್ಲಿ ಕಟ್ಟುವ ಅಗತ್ಯವಿದೆಯೇ ಎಂಬ ವಿಷಯದಲ್ಲಿ ಹವ್ಯಾಸಿಗಳು ಎರಡು ಪಾಳಯವಾಗಿದ್ದಾರೆ. ಎರಡೂ ಕಡೆ ಅನುಭವಸ್ಥರಿದ್ದಾರೆ, ಎರಡೂ ಕಡೆಯ ಕಾರಣಗಳಲ್ಲಿ ಹುರುಳಿದೆ. ಇಲ್ಲಿ ಚರ್ಚೆಗೆ ತೆಗೆದುಕೊಂಡಿರುವುದು ಕೋಣೆ ತುಂಬುವ ವಿನ್ಯಾಸಗಳನ್ನಲ್ಲ. ಅಮೆರಿಕದ ಕಾರ್ಲ್ ಆರೆಂಟ್ ಅವರು ಜನಪ್ರಿಯಗೊಳಿಸಿದ, ಸುಮಾರು ನಾಲ್ಕು ಚದರ ಅಡಿಯೊಳಗೆ ಮುಗಿಯುವ ಅತಿ ಪುಟ್ಟ ವಿನ್ಯಾಸಗಳನ್ನು.

ಕೈಕೆಲಸದ ಪರವಾಗಿರುವವರ ಮೊದಲ ವಾದವನ್ನು ಅಳತೆಪಟ್ಟಿ ಹಿಡಿದೇ ಪರೀಕ್ಷಿಸಬಹುದು. ಸಾಮಾನ್ಯವಾಗಿ ಸಿಗುವ ಎನ್ ಗೇಜ್ ಹಳಿಯ ಎತ್ತರ ಸುಮಾರು 2 ಮಿ.ಮೀ. 1:87ರಲ್ಲಿ ಅದು 175 ಮಿ.ಮೀ.ಗೂ ತುಸು ಹೆಚ್ಚಿನ ಹಳಿಗೆ ಸಮ. ಇಂದು ಬ್ರಾಡ್ ಗೇಜ್ ಮುಖ್ಯ ಮಾರ್ಗಗಳಲ್ಲಿ ಹಾಸುವ, ಮೀಟರಿಗೆ 60 ಕಿಲೋ ತೂಗುವ ಹಳಿಯ ಎತ್ತರವೇ 172 ಮಿ.ಮೀ. ಆದರೆ ಲಘು ರೈಲುಮಾರ್ಗಗಳ, ಗಜಕ್ಕೆ 30 ಪೌಂಡ್ ತೂಕದ ಹಳಿ ಎಂಟು ಸೆಂಟಿಮೀಟರ್ ಎತ್ತರವಿದ್ದರೆ ಹೆಚ್ಚು. ಸ್ಲೀಪರುಗಳ ಕಥೆಯೂ ಇದೇ. ಎನ್ ಗೇಜ್ ಹಳಿಯ ಸ್ಲೀಪರುಗಳು 1:160 ಅಳತೆಗೆ ಮಾಡಿದವು. 1:87ರ ಕಣ್ಣಿಂದ ನೋಡಿದರೆ ಅವು ಅಡಿಗೊಂದರಂತೆ ಒತ್ತೊತ್ತಾಗಿ ಬಿದ್ದಿರುತ್ತವೆ. ಬಡ ರೈಲುಮಾರ್ಗದ ಚೆಲುವೆಲ್ಲ ಇರುವುದು ತೆಳ್ಳಗಿನ ಹಳಿ, ವಿರಳವಾದ ಸ್ಲೀಪರು, ಮಣ್ಣಿನಲ್ಲಿ ಅರ್ಧ ಹೂತ ಜಲ್ಲಿಯಲ್ಲಿ. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಅದರ ಕೆಳಗೆ ರಾಜಧಾನಿ ಎಕ್ಸ್‌ಪ್ರೆಸ್ಸಿನ ಹಳಿ ಕಂಡರೆ ಚಿತ್ರ ಕೆಡುತ್ತದೆ ಎಂಬುದು ಅವರ ಮಾತು. ಇದನ್ನು ತಳ್ಳಿಹಾಕುವುದು ಕಷ್ಟ.

ಎದುರು ಪಕ್ಷದವರು ಲೆಕ್ಕವನ್ನು ಅಲ್ಲಗಳೆಯುವುದಿಲ್ಲ. ಪರಿಹಾರ ಇಷ್ಟು ದುಬಾರಿ ಆಗಬೇಕಿಲ್ಲ ಎನ್ನುತ್ತಾರೆ. ಬ್ರಿಟನ್ನಿನ ಪೆಕೊ ಕಂಪನಿ ನ್ಯಾರೋ ಗೇಜಿಗೆಂದೇ ಅಗಲ ಸ್ಲೀಪರುಗಳನ್ನು ದೂರದೂರ ಇಟ್ಟ 9 ಮಿ.ಮೀ. ಹಳಿಯನ್ನು ಬಹುಕಾಲದಿಂದ ಮಾರುತ್ತಿದೆ. ಹಳಿಯ ಬದಿಗೆ ತುಕ್ಕಿನ ಬಣ್ಣ ಬಳಿದು, ಸ್ಲೀಪರಿನ ಮಟ್ಟಕ್ಕೆ ಮಣ್ಣು ಮುಚ್ಚಿದರೆ ಎತ್ತರದ ದೋಷ ಬಹುಮಟ್ಟಿಗೆ ಮರೆಯಾಗುತ್ತದೆ. ತಿರುವಿನ ವಿಷಯದಲ್ಲೂ ಅಂಗಡಿಯ ಹಳಿ ಹಿಂದೆ ಬಿದ್ದಿಲ್ಲ. ಜಪಾನಿನ ಕಾಟೊ ಕಂಪನಿಯ ಕಿರಿಯ ತಿರುವಿನ ತ್ರಿಜ್ಯ 117 ಮಿ.ಮೀ.; ಪೂರ್ತಿ ವೃತ್ತ ಒಂದಡಿ ಅಗಲದ ಹಲಗೆಯ ಮೇಲೆ ಕೂರುತ್ತದೆ. ಡಾರ್ಜೀಲಿಂಗ್ ರೈಲಿನ ಕುಖ್ಯಾತ ಅಗೋನಿ ಪಾಯಿಂಟ್ ತಿರುವಿನ ತ್ರಿಜ್ಯವೇ ಸುಮಾರು 18 ಮೀಟರ್, ಅಂದರೆ 1:87ರಲ್ಲಿ 20 ಸೆಂಟಿಮೀಟರಿಗೂ ಹೆಚ್ಚು. ಅದಕ್ಕಿಂತ ಬಿಗಿಯಾದ ತಿರುವು ಸಿದ್ಧವಾಗಿ ಸಿಗುವಾಗ ಜಾಗ ಸಾಲದೆಂಬ ಕಾರಣಕ್ಕೆ ಕೈಯಲ್ಲಿ ಹಳಿ ಬಾಗಿಸಬೇಕಾಗಿಲ್ಲ.

ನಿಜವಾದ ಜಗಳ ಇರುವುದು ಪಾಯಿಂಟಿನಲ್ಲಿ. ಒಂದು ಹಳಿ ಎರಡಾಗಿ ಕವಲೊಡೆಯುವ ಆ ಅಂಗೈಯಗಲದ ಜಾಗದಲ್ಲಿ ಎರಡೂ ವಾದಗಳು ತಮ್ಮ ಪೂರ್ಣ ಬಲದಲ್ಲಿ ಎದುರಾಗುತ್ತವೆ. ಕೈಯಲ್ಲಿ ಪಾಯಿಂಟ್ ಕಟ್ಟುವವರು ತಾಮ್ರದ ಹೊದಿಕೆಯಿರುವ ಸರ್ಕ್ಯೂಟ್ ಬೋರ್ಡಿನ ತೆಳು ಪಟ್ಟಿಗಳನ್ನು ಸ್ಲೀಪರುಗಳಂತೆ ಸಾಲಾಗಿ ಅಂಟಿಸುತ್ತಾರೆ. ಪ್ರತಿ ಪಟ್ಟಿಯ ನಡುವೆ ತಾಮ್ರವನ್ನು ಕೂದಲೆಳೆಯಷ್ಟು ಕೆರೆದು ತೆಗೆಯಬೇಕು; ಒಂದನ್ನು ಮರೆತರೂ ಎರಡು ಹಳಿ ಕೂಡಿ ಶಾರ್ಟ್ ಆಗುತ್ತದೆ. ಆಮೇಲೆ ಹಳಿಯ ತುದಿಗಳನ್ನು ಅರದಿಂದ ಚೂಪಾಗಿ ಉಜ್ಜಿ, ಗೇಜ್ ಇಟ್ಟು ಅಗಲ ನೋಡುತ್ತ, ಫ್ಲಕ್ಸ್ ಹಚ್ಚಿ ಒಂದೊಂದೇ ಸ್ಲೀಪರಿಗೆ ಸೋಲ್ಡರ್ ಮಾಡಬೇಕು. ಇಷ್ಟು ಶ್ರಮಕ್ಕೆ ಫಲವೂ ಇದೆ. ಹಳಿಗಳು ಕೂಡುವ ಫ್ರಾಗ್ ಪೂರ್ತಿ ಲೋಹದ್ದಾಗಿ, ಅದಕ್ಕೂ ವಿದ್ಯುತ್ ಹರಿಯುತ್ತದೆ. ಅಗ್ಗದ ಸಿದ್ಧ ಪಾಯಿಂಟಿನಲ್ಲಿ ಈ ಭಾಗ ಪ್ಲಾಸ್ಟಿಕ್. ನಾಲ್ಕೇ ಗಾಲಿಯ, ಕೆಲವೇ ಗ್ರಾಂ ತೂಗುವ ನ್ಯಾರೋ ಗೇಜ್ ಎಂಜಿನ್ ನಿಧಾನವಾಗಿ ಅಲ್ಲಿಗೆ ಬಂದು ವಿದ್ಯುತ್ ಸಿಗದೆ ನಿಂತುಬಿಡುತ್ತದೆ. ಪಾಯಿಂಟಿನ ಕೋನವನ್ನು ಜಾಗಕ್ಕೆ ತಕ್ಕಂತೆ ಬಾಗಿಸುವ ಸ್ವಾತಂತ್ರ್ಯವೂ ಕಟ್ಟಿದವರಿಗೇ. ಕೆಟ್ಟಾಗ ಎಲ್ಲಿ ನೋಡಬೇಕೆಂದು ಗೊತ್ತಿರುವುದೂ ಅವರಿಗೇ.

ಆದರೆ ಲೋಹದ ಫ್ರಾಗ್ ಇರುವ ಸಿದ್ಧ ಪಾಯಿಂಟುಗಳೂ ಸಿಗುತ್ತವೆ. ಅವುಗಳ ಪರವಾದ ಅತ್ಯಂತ ಬಲವಾದ ಕಾರಣ ನಿಖರತೆ. ನಿಲ್ದಾಣದ ಗೋಡೆ ಅರ್ಧ ಮಿಲಿಮೀಟರ್ ಜಾರಿದರೆ ನಿಜದ ಅಳತೆಯಲ್ಲಿ ಅದು ನಾಲ್ಕೂವರೆ ಸೆಂಟಿಮೀಟರಿಗೂ ಕಡಿಮೆ, ಯಾರ ಕಣ್ಣಿಗೂ ಬೀಳದು. ಅದೇ ಅರ್ಧ ಮಿಲಿಮೀಟರ್ ಚೆಕ್ ರೈಲಿನಲ್ಲಿ, ಅಂದರೆ ಫ್ರಾಗ್ ದಾಟುವಾಗ ಗಾಲಿಯನ್ನು ಸರಿದಾರಿಯಲ್ಲಿ ಹಿಡಿದಿಡುವ ಪಕ್ಕದ ತುಂಡು ಹಳಿಯಲ್ಲಿ, ತಪ್ಪಿದರೆ ಗಾಲಿ ಫ್ರಾಗಿನ ತಪ್ಪು ಮಗ್ಗುಲಿಗೆ ಹೊರಳಿ ವ್ಯಾಗನ್ ಉರುಳುತ್ತದೆ. ಇನ್ನೊಂದು ತೊಡಕೂ ಇದೆ. ನೋಟಕ್ಕೆ ಸರಿಹೊಂದುವ 1 ಮಿ.ಮೀ. ಹಳಿಯ ಮೇಲೆ ಹಳೆಯ ಎನ್ ಗೇಜ್ ಗಾಲಿಗಳ ಆಳವಾದ ಫ್ಲ್ಯಾಂಜ್ (ಗಾಲಿಯ ಒಳಬದಿಯ ಅಂಚು) ಸೋಲ್ಡರ್ ಉಬ್ಬಿಗೆ ತಾಗಿ ಕುಪ್ಪಳಿಸುತ್ತದೆ. ಹಳಿ ತೆಳುವಾದಷ್ಟೂ ಗಾಲಿಯನ್ನೂ ಬದಲಿಸಬೇಕಾದೀತು. ಒಂದು ಕೈಕೆಲಸ ಇನ್ನೊಂದನ್ನು ಎಳೆದು ತರುತ್ತದೆ. ಹಲಗೆ ಚಿಕ್ಕದು, ಆದ್ದರಿಂದ ಕೆಲಸವೂ ಬೇಗ ಮುಗಿಯುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಪುಟ್ಟ ವಿನ್ಯಾಸ ಎಂದರೆ ನೋಡಿ ಮುಗಿಸುವ ಗಾಜಿನ ಪೆಟ್ಟಿಗೆಯಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಇಂಥ ಹಲಗೆಗಳಲ್ಲಿ ಬಹಳ ಮೆಚ್ಚುಗೆ ಗಳಿಸಿದ್ದು ಬ್ರಿಟನ್ನಿನ ಅಲನ್ ರೈಟ್ ಅವರ ಇಂಗ್ಲ್‌ನೂಕ್ ಎಂಬ ಶಂಟಿಂಗ್ ಆಟ. ಎರಡು ಪಾಯಿಂಟ್, ಮೂರು ಸೈಡಿಂಗ್, ಎಂಟು ವ್ಯಾಗನ್. ಅವುಗಳಲ್ಲಿ ಐದನ್ನು ಚೀಟಿ ಎತ್ತಿದ ಕ್ರಮದಲ್ಲಿ ಜೋಡಿಸಬೇಕು. ಆ ಐದರ ಸಾಲು 6720 ಬಗೆಯಲ್ಲಿ ಬರಬಹುದು. ಆರು ಸೆಂಟಿಮೀಟರ್ ಉದ್ದದ ನ್ಯಾರೋ ಗೇಜ್ ವ್ಯಾಗನ್ನುಗಳಾದರೆ ಇಡೀ ಆಟ ಒಂದು ಮೀಟರಿನೊಳಗೆ ಮುಗಿಯುತ್ತದೆ. ಆದರೆ ಪ್ರತಿ ನಡೆಗೂ ಎಂಜಿನ್ ಅವೆರಡು ಪಾಯಿಂಟುಗಳನ್ನೇ ಮತ್ತೆ ಮತ್ತೆ ದಾಟಬೇಕು. ಹತ್ತರಲ್ಲಿ ಒಂದು ಸಲ ಹಳಿ ತಪ್ಪುವ ಪಾಯಿಂಟು ನೋಡಲು ಎಷ್ಟೇ ಸುಂದರವಾಗಿದ್ದರೂ ಆಟವನ್ನು ಕೊಲ್ಲುತ್ತದೆ. ಈ ಅಂಶಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಹಾಗೆಂದು ಎಲ್ಲವನ್ನೂ ಕೊಂಡು ತರುವುದು ಕೋಲಾರದ ದಾರಿಗೆ ಸಾಧ್ಯವೇ ಇಲ್ಲ. ಪೆಟ್ಟಿಗೆಯಲ್ಲಿ ಸಿಗುವ ಆಸ್ಟ್ರಿಯದ, ವೇಲ್ಸಿನ, ಅಮೆರಿಕದ ರೈಲುಗಳನ್ನು ಕಲ್ಲುಕಟ್ಟಡದ ನಮ್ಮ ನಿಲ್ದಾಣದ ಮುಂದೆ ನಿಲ್ಲಿಸಿದರೆ ಅದು ಬಯಲುಸೀಮೆ ಆಗುವುದಿಲ್ಲ. ನಿಲ್ದಾಣ, ಬೋಗಿಯ ಮೈ, ಹುಣಸೆ ಮರ, ಕೆಮ್ಮಣ್ಣಿನ ಕಟ್ಟೆ ಇವನ್ನು ಬಲ್ಲವರೇ ಕಟ್ಟಬೇಕು. ಸಿದ್ಧವಸ್ತುಗಳ ಪಕ್ಷದವರು ಇದನ್ನು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನಿಸುತ್ತದೆ.

ಹೀಗಾಗಿ, ಖಚಿತ ತೀರ್ಪೆಂದಲ್ಲದಿದ್ದರೂ, ಒಂದು ನಡುದಾರಿಯ ಕಡೆಗೆ ನನ್ನ ಒಲವು. ಮಿಲಿಮೀಟರಿನ ಭಾಗಗಳಲ್ಲಿ ತಪ್ಪು ಸಹಿಸದ ಮೋಟಾರ್, ಗಾಲಿ, ಮುಖ್ಯ ಪಾಯಿಂಟುಗಳನ್ನು ಕೊಳ್ಳುವುದು ಲೇಸು. ಎನ್ ಗೇಜಿನ ಪುಟ್ಟ ಚಾಸಿಸ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ಎಂಜಿನ್ ಮೈ ಕೂರಿಸಬಹುದು. ತಪ್ಪನ್ನು ಸಹಿಸಿಕೊಳ್ಳುವ, ಊರಿನ ಗುರುತು ಹೇಳುವ ಎಲ್ಲವನ್ನೂ ಕೈಯಲ್ಲೇ ಕಟ್ಟುವುದು ಲೇಸು. ಪ್ಲಾಟ್‌ಫಾರಂ ಮುಂದಿನ ನೇರ ಹಳಿಯನ್ನೂ ಇದಕ್ಕೆ ಸೇರಿಸಬಹುದು. ನೇರ ಹಳಿಯನ್ನು ಕೈಯಲ್ಲಿ ಹಾಸುವುದು ಪಾಯಿಂಟಿನಷ್ಟು ಕಠಿಣವಲ್ಲ, ನೋಡುವವರ ಕಣ್ಣು ಮೊದಲು ಬೀಳುವುದೂ ಅಲ್ಲಿಯೇ. ಬೇರೆ ಬೇರೆ ಎತ್ತರದ ಎರಡು ಹಳಿಗಳು ಕೂಡುವಲ್ಲಿ ತೆಳು ಹಳಿಯ ಅಡಿಗೆ ಪಟ್ಟಿ ಕೊಟ್ಟು ತಲೆ ಮಟ್ಟ ಮಾಡಿಕೊಳ್ಳಬೇಕು, ಅಷ್ಟೇ. ಪಾಯಿಂಟ್ ಕಟ್ಟುವುದನ್ನು ಕಲಿಯಲೇಬೇಕೆನ್ನುವವರು ಮೊದಲನೆಯದನ್ನು ಹೆಚ್ಚು ಬಳಕೆಯಿಲ್ಲದ ಸೈಡಿಂಗಿನ ಕೊನೆಯಲ್ಲಿ ಹಾಕಲಿ. ಅದು ಸರಿಯಾಗಿ ಕೂರುವವರೆಗೂ ಉಳಿದ ಹಳಿಯ ಮೇಲೆ ರೈಲು ಓಡುತ್ತಿರುತ್ತದೆ; ಕೂತಮೇಲೆ ಕೊಂಡ ಪಾಯಿಂಟುಗಳನ್ನು ಒಂದೊಂದಾಗಿ ಬದಲಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.