ದೇಣಿಗೆಗಿಂತ ಮಾರ್ಗದರ್ಶನ: ಹಳೆಯ ವಿದ್ಯಾರ್ಥಿಗಳ ಹೊಣೆ

ವಿಶ್ವವಿದ್ಯಾಲಯವು ವಿದ್ಯಾರ್ಥಿಗೆ ಪದವಿಯನ್ನು ನೀಡಬಲ್ಲದು. ಆ ಪದವಿಯನ್ನು ಹಿಡಿದು ಯಾವ ಬಾಗಿಲನ್ನು ತಟ್ಟಬೇಕೆಂಬ ಅರಿವು ಪಠ್ಯಕ್ರಮದ ಹೊರಗೇ ಉಳಿಯುತ್ತದೆ. ನಗರದ ಸುಶಿಕ್ಷಿತ ಕುಟುಂಬಗಳಲ್ಲಿ ಈ ಅರಿವು ಮನೆಮಾತಿನಲ್ಲೇ ದಕ್ಕುತ್ತದೆ. ತಮ್ಮ ಮನೆತನದಿಂದ ಮೊದಲಿಗರಾಗಿ ಸ್ನಾತಕೋತ್ತರ ತರಗತಿಗೆ ಬಂದವರಿಗೆ ಅದು ದುರ್ಲಭ. ಹಳೆಯ ವಿದ್ಯಾರ್ಥಿಗಳು ಸ್ವಯಂಪ್ರೇರಣೆಯಿಂದ ವೃತ್ತಿ ಮಾರ್ಗದರ್ಶನಕ್ಕೆ ಮುಂದಾಗಬೇಕೆಂಬ ವಿಚಾರವನ್ನು ಈ ಅಸಮಾನತೆಯ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ.

ಬೇತಮಂಗಲದ ಪರಿಸರ ಇದಕ್ಕೆ ಸ್ಪಷ್ಟ ನಿದರ್ಶನ. ಪಾಲಾರ್ ನದಿಯ ಇಲ್ಲಿನ ಕೆರೆಯ ನೀರು ದಶಕಗಳ ಕಾಲ ಕೋಲಾರ ಚಿನ್ನದ ಗಣಿ ಪ್ರದೇಶದ ದಾಹವನ್ನು ತಣಿಸಿತು. ಗಣಿಯಿದ್ದಾಗ ದುಡಿಮೆಯ ತಿಳಿವಳಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುತ್ತಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಕೆಲಸಗಳೊಂದಿಗೆ ಆ ಪರಂಪರೆಯೂ ಕಡಿಯಿತು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ನಿತ್ಯವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರ ಬದುಕು ಈ ಪಲ್ಲಟದ ಫಲ. ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಸಾಕಣೆ, ಹೈನುಗಾರಿಕೆಗಳನ್ನು ಆಳವಾಗಿ ಬಲ್ಲ ತಾಯಿತಂದೆಯರು ನೆಟ್, ಕೆ-ಸೆಟ್ ಪರೀಕ್ಷೆಗಳ ಬಗೆಗೆ ಮಕ್ಕಳಿಗೆ ತಿಳಿಹೇಳಲಾರರು. ಅದು ಅವರ ದೋಷವೇನಲ್ಲ.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ವಿಭಜನೆಗೊಂಡು, ಕೋಲಾರವನ್ನು ಕೇಂದ್ರವಾಗಿಸಿಕೊಂಡು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಉನ್ನತ ಶಿಕ್ಷಣ ಈ ಭಾಗಕ್ಕೆ ಹತ್ತಿರವಾಯಿತು. 1964ರಲ್ಲಿ ಸ್ಥಾಪನೆಯಾದ ಮಾತೃಸಂಸ್ಥೆಗೆ ಇರುವಂತಹ ಹಲವು ತಲೆಮಾರುಗಳ ಹಳೆಯ ವಿದ್ಯಾರ್ಥಿ ಬಳಗ ಹೊಸ ಸಂಸ್ಥೆಗೆ ಇಲ್ಲ. ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಉನ್ನತ ಹುದ್ದೆಯಲ್ಲಿರುವ ಗಣ್ಯರ ಭಾಷಣ ಸ್ಫೂರ್ತಿ ನೀಡಬಹುದು. ಆದರೆ ಅರ್ಜಿಯ ನಮೂನೆ, ಸಂದರ್ಶನದ ಬಗೆ, ಮೊದಲ ಸಂಬಳದವರೆಗಿನ ಖರ್ಚುವೆಚ್ಚಗಳನ್ನು ನಿಖರವಾಗಿ ಹೇಳಬಲ್ಲವರು ಎರಡು ವರ್ಷದ ಹಿಂದೆ ಅದೇ ದಾರಿಯಲ್ಲಿ ನಡೆದವರು. ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಆಡಿ ತರಗತಿಯಲ್ಲಿ ಕನ್ನಡ ಓದುವ ಇಲ್ಲಿನ ವಿದ್ಯಾರ್ಥಿಗೆ, ತನ್ನ ಬಹುಭಾಷಿಕತೆ ಅನುವಾದ ಕ್ಷೇತ್ರದಲ್ಲಿ ಬಂಡವಾಳವಾಗಬಲ್ಲದೆಂಬುದನ್ನು ತೋರಿಸಿಕೊಡಬಲ್ಲವರೂ ಅವರೇ.

ದುರದೃಷ್ಟವಶಾತ್ ಸಾಂಸ್ಥಿಕ ದೃಷ್ಟಿ ಬೇರೆಡೆಗೆ ನೆಟ್ಟಿದೆ. ನ್ಯಾಕ್ ಸಂಸ್ಥೆಯ 2017ರ ಪರಿಷ್ಕೃತ ಮೌಲ್ಯಮಾಪನ ಚೌಕಟ್ಟು ಹಳೆಯ ವಿದ್ಯಾರ್ಥಿಗಳ ಕೊಡುಗೆಯನ್ನು ಲಕ್ಷ ರೂಪಾಯಿಗಳ ಲೆಕ್ಕದಲ್ಲಿ ಕೇಳಿತು. ವರ್ಷವಿಡೀ ತಿಂಗಳಿಗೆರಡು ಗಂಟೆಯನ್ನು ಕಿರಿಯರಿಗೆ ಮೀಸಲಿಡುವ ಅಲ್ಪವೇತನದ ಅತಿಥಿ ಉಪನ್ಯಾಸಕನ ಕೊಡುಗೆ ಇಂತಹ ಅಂಕಣದಲ್ಲಿ ಶೂನ್ಯವಾಗುತ್ತದೆ. ಹಣವನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಗಂಟೆಗಳನ್ನೂ ದಾಖಲಿಸಬೇಕು.

ಇಲ್ಲಿ ಎರಡು ಅಪಾಯಗಳನ್ನು ಗಮನಿಸಬೇಕು. ನೆರವು ಸಂಪೂರ್ಣವಾಗಿ ವೈಯಕ್ತಿಕ ಇಚ್ಛೆಗೆ ಬಿಟ್ಟರೆ ಅದು ಜಾತಿ, ಬಂಧುತ್ವ, ಪರಿಚಯಗಳ ಜಾಡಿನಲ್ಲೇ ಹರಿಯುತ್ತದೆ. ಬಲವುಳ್ಳವರಿಗೇ ಮತ್ತಷ್ಟು ಬಲ ಸೇರುತ್ತದೆ. ಆದ್ದರಿಂದ ಯಾರಿಗೆ ಯಾರು ಮಾರ್ಗದರ್ಶಕರೆಂಬುದನ್ನು ವಿಭಾಗವೇ ನಿರ್ಧರಿಸಬೇಕು. ವಿದ್ಯಾರ್ಥಿನಿಯರಿಗೆ ಹಿರಿಯ ವಿದ್ಯಾರ್ಥಿನಿಯರು ದೊರೆಯುವಂತೆ ನೋಡಿಕೊಳ್ಳಬೇಕು. ಎರಡನೆಯದಾಗಿ, ಮಾರ್ಗದರ್ಶನವು ಉದ್ಯೋಗವನ್ನು ಸೃಷ್ಟಿಸದು. ಖಾಲಿ ಹುದ್ದೆಗಳನ್ನು ತುಂಬುವ ಸರ್ಕಾರದ ಹೊಣೆಗೆ ಸ್ವಯಂಸೇವೆ ಪರ್ಯಾಯವಾಗಕೂಡದು.

ಈ ಮಿತಿಗಳನ್ನು ಒಪ್ಪಿಕೊಂಡೂ ಒಂದು ಮಾತನ್ನು ಹೇಳಬಹುದು. ಮುಚ್ಚಿದ ಗಣಿಯೊಂದಿಗೆ ಕಡಿದುಹೋದದ್ದು ಹಿರಿಯರು ಕಿರಿಯರಿಗೆ ದಾರಿ ತೋರುವ ಸಹಜ ಕ್ರಮ. ಅದನ್ನು ಮತ್ತೆ ಜೋಡಿಸಲು ಕಟ್ಟಡವಾಗಲಿ ಅನುದಾನವಾಗಲಿ ಬೇಕಿಲ್ಲ. ಹೆಸರುಗಳ ಒಂದು ಪಟ್ಟಿ ಮತ್ತು ಅದನ್ನು ಪ್ರತಿವರ್ಷ ಊರ್ಜಿತದಲ್ಲಿಡುವ ಒಬ್ಬ ಅಧ್ಯಾಪಕ ಸಾಕು.