‘ಬಯೋ’ ಅಂದರೆ ರೇಷ್ಮೆ ಹುಳುಗೆ ಅಪಾಯ ಇಲ್ಲವೇ?

“ಇದು ಬಯೋ, ಏನೂ ಆಗಲ್ಲ.” ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ಔಷಧಿ ಅಂಗಡಿಗಳಲ್ಲಿ ಕೇಳಿಬರುವ ಈ ಮಾತನ್ನು ನಾವು ಒಪ್ಪುವುದಿಲ್ಲ. ರೇಷ್ಮೆ ನಂಬಿದ ಜಿಲ್ಲೆಯಲ್ಲಿ ಇದು ಮನೆಹಾಳು ಮಾತು.

ಬಯೋ ಅಂದರೆ ಜೀವಿಯಿಂದ ಬಂದದ್ದು, ಅಷ್ಟೇ. ವಿಷವಲ್ಲ ಎಂಬ ಅರ್ಥ ಅದಕ್ಕಿಲ್ಲ. ಟೊಮೆಟೊ, ಕೋಸಿಗೆ ಹೊಡೆಯುವ ಎಮಾಮೆಕ್ಟಿನ್ ಬೆಂಜೊಯೇಟ್ ಕಥೆ ನೋಡಿ. 1970ರ ದಶಕದಲ್ಲಿ ಜಪಾನಿನ ಸತೋಶಿ ಒಮುರಾ ಅವರಿಗೆ ಮಣ್ಣಿನಲ್ಲಿ ಒಂದು ಸೂಕ್ಷ್ಮಾಣು ಸಿಕ್ಕಿತು. ಅದು ತಯಾರಿಸುವ ಅವರ್ಮೆಕ್ಟಿನ್‌ನಿಂದ ಜನರಿಗೂ ದನಕರುಗಳಿಗೂ ಕೊಡುವ ಐವರ್ಮೆಕ್ಟಿನ್ ಬಂತು. 2015ರಲ್ಲಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ ಇದಕ್ಕೇ ನೊಬೆಲ್ ಸಿಕ್ಕಿತು. ಅದೇ ಅವರ್ಮೆಕ್ಟಿನ್ ಅನ್ನು ಪ್ರಯೋಗಾಲಯದಲ್ಲಿ ತಿದ್ದಿ, ಎಲೆ ತಿನ್ನುವ ಹುಳುಗಳಿಗೆ ಇನ್ನಷ್ಟು ಮಾರಕವಾಗುವಂತೆ ಮಾಡಿದ್ದು ಎಮಾಮೆಕ್ಟಿನ್. ಸ್ಪೈನೋಸಾಡ್ ಕೂಡ ಮಣ್ಣಿನ ಸೂಕ್ಷ್ಮಾಣುವಿನದೇ.

ಎಲೆ ತಿನ್ನುವ ಹುಳು ಅಂದರೆ ಟೊಮೆಟೊದ ಕಾಯಿಕೊರಕ ಮಾತ್ರವೇ? ಶಿಡ್ಲಘಟ್ಟದ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುವುದು ಏನು? ಔಷಧಿಗೆ ನಿಮ್ಮ ಹುಳು, ಪಕ್ಕದವರ ಹುಳು ಎಂಬ ಭೇದ ಗೊತ್ತಿಲ್ಲ. ಬಿಟಿ ಎಂದು ಮಾರುವ ಸೂಕ್ಷ್ಮಾಣುವನ್ನು 1901ರಲ್ಲಿ ಜಪಾನಿನ ಇಶಿವಾಟ ಮೊದಲು ಕಂಡದ್ದೇ ರೋಗದಿಂದ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ!

ಡಬ್ಬಿಯ ಮೇಲೆ ಹಸಿರು, ನೀಲಿ ಗುರುತಿದೆಯಲ್ಲ ಎನ್ನುತ್ತೀರಿ. ಆ ಬಣ್ಣ ಹೇಳುವುದು ಮನುಷ್ಯನಂಥ ಪ್ರಾಣಿಗೆ ಎಷ್ಟು ವಿಷ ಎಂಬುದನ್ನು. ರೇಷ್ಮೆ ಹುಳುವಿನ ಲೆಕ್ಕ ಅದರಲ್ಲಿಲ್ಲ.

ಟೊಮೆಟೊ ಬೆಳೆಗಾರರನ್ನು ನಾವು ದೂರುತ್ತಿಲ್ಲ. ಕಾಯಿಗೆ ಹುಳು ಬಿದ್ದರೆ ಅವರ ಸಾಲವೂ ಹಾಗೇ ನಿಲ್ಲುತ್ತದೆ. ಆದರೆ ನಾಲ್ಕನೇ ಜ್ವರ ಎದ್ದ ಹುಳು ಸತ್ತರೆ ಮೊಟ್ಟೆ, ಸೊಪ್ಪು, ಕೂಲಿ ಎಲ್ಲದರ ದುಡ್ಡೂ ಅಷ್ಟರಲ್ಲಿ ಸುರಿದಾಗಿರುತ್ತದೆ. ಗಾಳಿಗೆ ತೂರಿಬಂದ ಔಷಧಿಗೆ ರಸೀದಿಯಿಲ್ಲ, ನಷ್ಟ ಕಟ್ಟಿಕೊಡುವವರೂ ಇಲ್ಲ.

ಹಾಗಾಗಿ ನಮ್ಮ ಒತ್ತಾಯ ಮೂರು. ಡಬ್ಬಿಯ ಮೇಲೆ “ರೇಷ್ಮೆ ಹುಳುಗೆ ಮಾರಕ” ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಇರಲಿ. “ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದೆಯಾ?” ಎಂದು ಕೇಳದೆ ಅಂಗಡಿಯವರು ಇಂಥ ಔಷಧಿ ಕೊಡಬಾರದು. ರೇಷ್ಮೆ, ತೋಟಗಾರಿಕೆ, ಕೃಷಿ ಇಲಾಖೆಗಳು ಒಟ್ಟಿಗೆ ಕೂತು ಪ್ರತಿ ಪಂಚಾಯಿತಿಯಲ್ಲೂ ಒಂದೇ ಸಲಹೆ ಕೊಡಲಿ.

ಅಲ್ಲಿಯವರೆಗೆ, ಔಷಧಿ ಹೊಡೆಯುವ ಹಿಂದಿನ ದಿನ ಪಕ್ಕದ ತೋಟದವರಿಗೆ ಒಂದು ಫೋನ್ ಮಾಡಿ. ಅವರು ಸೊಪ್ಪನ್ನಾದರೂ ಮೊದಲೇ ಕೊಯ್ದುಕೊಳ್ಳುತ್ತಾರೆ.