ಚೆಲ್ಲಾಟವೂ ಪ್ರಾಣಸಂಕಟವೂ



‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಿರುಕುಳವೆಂದರೇನು ಎಂಬ ಪ್ರಶ್ನೆಗೆ ನಮ್ಮ ಹಿರಿಯರ ಉತ್ತರವು ಈ ನಾಲ್ಕು ಪದಗಳಲ್ಲಿಯೇ ಅಡಗಿದೆ. ಆದರೂ ಹತ್ತು ಮಂದಿ ಸೇರಿ ಒಬ್ಬನನ್ನು ಗೋಳುಹೊಯ್ದುಕೊಂಡ ಮೇಲೆ, “ಸುಮ್ಮನೆ ತಮಾಷೆಗೆ, ಸಾರ್” ಎಂಬ ಸಮಜಾಯಿಷಿಯು ಎಲ್ಲ ಶಾಲೆಗಳಲ್ಲಿಯೂ ಕೇಳಿಬರುತ್ತದೆ. ಆದಕಾರಣ ತಮಾಷೆ ಯಾವುದು, ಕಿರುಕುಳ ಯಾವುದು ಎಂಬ ವಿವೇಚನೆಯು ಅವಶ್ಯವಾಗಿದೆ.

ಮನಸ್ಸಿಗೆ ನೋವುಂಟುಮಾಡಿದ್ದೆಲ್ಲವೂ ಕಿರುಕುಳವಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು. ಸಮಬಲರಾದ ಇಬ್ಬರು ಗೆಳೆಯರು ಕಬಡ್ಡಿಯಾಟದಲ್ಲಿ ಕಾದಾಡಿ, ಮರುದಿನ ಒಂದೇ ಡಬ್ಬಿಯಲ್ಲಿ ಉಂಡರೆ ಅದು ಬರಿಯ ಜಗಳ. ಉಪಾಧ್ಯಾಯರು ಪ್ರಬಂಧದ ತಪ್ಪನ್ನು ತಿದ್ದಿದರೆ ಅದು ಶಿಕ್ಷಣ. ನಾರ್ವೆ ದೇಶದ ಬರ್ಗೆನ್ ವಿಶ್ವವಿದ್ಯಾನಿಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅವರು 1970ರ ದಶಕದಿಂದ ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ, ಕಿರುಕುಳಕ್ಕೆ 3 ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಹಾಗೂ ಇಬ್ಬರ ಬಲದಲ್ಲಿನ ಅಂತರ.

ಇವುಗಳಲ್ಲಿ ಮೂರನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ. ಉದ್ದೇಶವನ್ನು ತಮಾಷೆಯ ಮರೆಯಲ್ಲಿ ಅಡಗಿಸಬಹುದು, ಬಲವನ್ನು ಅಡಗಿಸಲಾಗದು. ಬಲವೆಂದರೆ ತೋಳಿನ ಬಲವೊಂದೇ ಅಲ್ಲ. ಸಂಖ್ಯೆ, ವಯಸ್ಸು, ಹಣ, ಜಾತಿ, ಭಾಷೆ ಇವೆಲ್ಲವೂ ಬಲಗಳೇ. ಒಬ್ಬ ಹುಡುಗಿಯನ್ನು ಬಯ್ಯದೆ, ಹೊಡೆಯದೆ, ಕೇವಲ ಯಾವ ಆಟಕ್ಕೂ ಸೇರಿಸಿಕೊಳ್ಳದೆ ದೂರವಿಡುವುದೂ ಈ ಬಲದ ಪ್ರಯೋಗವೇ. ಆದುದರಿಂದ ನಿಮ್ಮನ್ನು ನೀವೇ ಹೀಗೆ ಪರೀಕ್ಷಿಸಿಕೊಳ್ಳಿರಿ: ನಾನಾಡಿದ ಮಾತನ್ನು ಅವನು ನನಗೆ ಅಂಜದೆ ತಿರುಗಿ ಆಡಬಲ್ಲನೆ? ಅವನು ‘ಸಾಕು’ ಎಂದರೆ ನಾನು ನಿಲ್ಲಿಸುವೆನೆ? ಇಲ್ಲವೆಂದಾದರೆ ಅದು ತಮಾಷೆಯಲ್ಲ.

ಮೊಬೈಲ್ ಫೋನು ಬಂದಮೇಲೆ ಈ ಪೀಡೆಯು ಇನ್ನಷ್ಟು ಹಬ್ಬಿದೆ. ಹಿಂದೆ ಕೊನೆಯ ಗಂಟೆ ಬಾರಿಸಿ ಮನೆ ಸೇರಿದರೆ ನೊಂದವನಿಗೆ ರಾತ್ರಿಯ ಮಟ್ಟಿಗಾದರೂ ನೆಮ್ಮದಿಯಿತ್ತು. ಈಗ ಅಪಹಾಸ್ಯವು ಅವನ ಜೇಬಿನಲ್ಲಿಯೇ ಕುಳಿತು ಚಾಳಿನ ಕೋಣೆಯವರೆಗೂ ಬರುತ್ತದೆ. ವಿಕಾರಗೊಳಿಸಿದ ಭಾವಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಿದವನು “ನಾನು ಒಂದೇ ಸಲ ಹಾಕಿದೆ” ಎನ್ನಬಹುದು. ಆದರೆ ಅದು ಕೈಯಿಂದ ಕೈಗೆ ದಾಟಿದಂತೆಲ್ಲ, ಚಿತ್ರದಲ್ಲಿರುವವನು ಅಷ್ಟು ಸಲವೂ ಅವಮಾನವನ್ನು ಅನುಭವಿಸುತ್ತಾನೆ. ಅದನ್ನು ಮುಂದಕ್ಕೆ ಕಳುಹಿದವನೂ, ನಗುವ ಚಿಹ್ನೆಯನ್ನೊತ್ತಿದವನೂ ನಿರಪರಾಧಿಗಳಲ್ಲ. ನೋಡಿ ನಗುವವರಿಲ್ಲದಿದ್ದರೆ ಈ ಆಟವು ನಡೆಯುವುದೇ ಇಲ್ಲ.

ಇನ್ನು ನಮ್ಮೊಳಗಿನ ಒಂದು ಮಾತು. ಈ ಮುಂಬಯಿಯಲ್ಲಿ ದಕ್ಷಿಣದವರೆಲ್ಲರನ್ನೂ ‘ಮದ್ರಾಸಿ’ ಎಂದು ಕರೆಯುವವರುಂಟು; ಕನ್ನಡ ಮಾಧ್ಯಮದವರೆಂದು ಮೂಗುಮುರಿಯುವವರೂ ಉಂಟು. ಅದರ ನೋವನ್ನು ಬಲ್ಲ ನಾವೇ, ಕಲಬುರಗಿಯ ಕಡೆಯಿಂದ ಹೊಸದಾಗಿ ಬಂದ ಹುಡುಗನು “ಬರ್ಲಾಕತ್ತೀನ್ರಿ” ಎಂದಾಗ ನಗುವುದು ನ್ಯಾಯವೆ? ಕರಾವಳಿಯ ಹುಡುಗಿಯು “ಗೊತ್ತುಂಟು” ಎಂದೊಡನೆ ಅದನ್ನೇ ವರ್ಷವಿಡೀ ಅವಳ ಅಡ್ಡಹೆಸರನ್ನಾಗಿ ಮಾಡುವುದು ಸಭ್ಯತೆಯೆ? ತಂದೆಯ ಕೂಲಿಗಾಗಿ ಊರು ಬಿಟ್ಟುಬಂದ ಮಗುವಿಗೆ ಈ ಮಹಾನಗರದಲ್ಲಿ ಕನ್ನಡದ ತರಗತಿಯೊಂದೇ ತನ್ನದೆನಿಸುವ ಸ್ಥಳ. ಅಲ್ಲಿಯೂ ಬಾಯಿ ತೆರೆಯಲು ಅಂಜಬೇಕಾದರೆ, ಆ ಮಗುವು ಶಾಲೆಯನ್ನೇ ಬಿಟ್ಟೀತು. ನಮ್ಮ ನಗುವಿಗೆ ಅಷ್ಟು ದೊಡ್ಡ ಬೆಲೆಯನ್ನು ಆ ಮಗುವೇಕೆ ತೆರಬೇಕು?

ಉಪಾಧ್ಯಾಯರಾದ ನಾವೂ ಈ ನಿಯಮಕ್ಕೆ ಹೊರತಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ವಿಧಿಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತಪ್ಪನ್ನು ತಿದ್ದುವ ಅಧಿಕಾರವು ನಮಗುಂಟು. ತರಗತಿಯ ಮುಂದೆ ‘ದಡ್ಡ’ ಎಂದು ಹೆಸರಿಟ್ಟು ನಗಿಸುವ ಅಧಿಕಾರವಿಲ್ಲ.

ಕಿರುಕುಳವನ್ನು ಕಂಡವರು ‘ಚಾಡಿಕೋರ’ನೆಂಬ ಹೆಸರಿಗೆ ಅಂಜಿ ಸುಮ್ಮನಿರುವುದುಂಟು. ಒಬ್ಬನನ್ನು ಸುಮ್ಮಸುಮ್ಮನೆ ಸಿಕ್ಕಿಸುವುದಕ್ಕಾಗಿ ಹೇಳುವುದು ಚಾಡಿ. ಸಂಕಟದಲ್ಲಿ ಸಿಕ್ಕವನನ್ನು ಬಿಡಿಸುವುದಕ್ಕಾಗಿ ಹೇಳುವುದು ಕರ್ತವ್ಯ. ತಾಯಿತಂದೆಯರಿಗೆ ತಿಳಿಸಿರಿ, ನಂಬಿಕೆಯ ಉಪಾಧ್ಯಾಯರಿಗೆ ತಿಳಿಸಿರಿ. ಫೋನಿನಲ್ಲಿ ಬಂದುದನ್ನು ಅಳಿಸುವ ಮೊದಲು ಅವರಿಗೆ ತೋರಿಸಿರಿ. ಹೇಳಿಕೊಳ್ಳಲು ಯಾರೂ ಇಲ್ಲವೆನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬಹುದು. ಇವಾವುವೂ ಆಗದಿದ್ದರೆ, ನಾಳೆ ಊಟದ ವೇಳೆಯಲ್ಲಿ ಒಂಟಿಯಾಗಿ ಕುಳಿತವನ ಬಳಿಗೆ ನಿಮ್ಮ ಡಬ್ಬಿಯನ್ನು ಒಯ್ದು ಕುಳಿತುಕೊಳ್ಳಿರಿ. ಅಷ್ಟರಿಂದಲೇ ಅವನು ಒಂಟಿಯಲ್ಲವೆಂಬುದು ಎಲ್ಲರಿಗೂ ತಿಳಿದುಹೋಗುತ್ತದೆ.